ಮೂಳೆ ಕೂಡಿತು, ಕತ್ತರಿ ಹಿಡಿಯಲಾಗಲಿಲ್ಲ: ಅಪಘಾತ ಪರಿಹಾರ ಪಡೆದ ನನ್ನ ಅನುಭವ

ಹೊಲಿಗೆಯೇ ನನ್ನ ಜೀವನೋಪಾಯ. ನಾನು ಕುಳಿತಿದ್ದ ಬಾಡಿಗೆ ಕಾರಿಗೆ ಕೂಡುರಸ್ತೆಯಲ್ಲಿ ಇನ್ನೊಂದು ಕಾರು ಡಿಕ್ಕಿ ಹೊಡೆದಾಗ ನನ್ನ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು ಕೂರಿಸಿದರು. ಆಗ ನನಗೆ 38 ವರ್ಷ. ಮೂರು ತಿಂಗಳಲ್ಲಿ ಮೂಳೆ ಕೂಡಿತು, ಆದರೆ ದಪ್ಪ ಬಟ್ಟೆಯ ಮೇಲೆ ಕತ್ತರಿ ಆಡಿಸುವ ಶಕ್ತಿ ಕೈಗೆ ಮರಳಲಿಲ್ಲ. ಈ ವ್ಯತ್ಯಾಸವನ್ನು, ಅಪಘಾತ ಪರಿಹಾರದ ಅರ್ಜಿಗಳನ್ನು ತೀರ್ಮಾನಿಸುವ ನ್ಯಾಯಮಂಡಳಿಗೆ ಮನದಟ್ಟು ಮಾಡಿಸಲು ನಾನು ಪಟ್ಟ ಶ್ರಮವನ್ನು, ಅಂಥದೇ ಸ್ಥಿತಿಯಲ್ಲಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿದ್ದ ಮೂರನೆಯ ದಿನ ಅಪರಿಚಿತರೊಬ್ಬರು ಹಾಸಿಗೆಯ ಬಳಿಗೆ ಬಂದು ನಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ವಕಾಲತ್ತಿನ ಖಾಲಿ ಹಾಳೆಯನ್ನು ಮುಂದಿಟ್ಟರು. "ಅಕ್ಕಾ, ಇಲ್ಲೊಂದು ಸಹಿ ಹಾಕಿ ಸಾಕು, ಮಿಕ್ಕಿದ್ದೆಲ್ಲ ನಾವು ನೋಡಿಕೊಳ್ಳುತ್ತೇವೆ, ಬಂದ ಹಣದಲ್ಲಿ ನಮ್ಮ ಪಾಲು ಕೊಟ್ಟರಾಯಿತು" ಎಂದರು. ಬಲಗೈ ಬ್ಯಾಂಡೇಜಿನಲ್ಲಿದ್ದುದರಿಂದಲೋ ಏನೋ, ಅಂದು ನಾನು ಸಹಿ ಮಾಡಲಿಲ್ಲ. ವಕೀಲರು ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವುದನ್ನೂ, ಗೆಲುವಿನ ಮೊತ್ತದಲ್ಲಿ ಪಾಲು ಮಾತನಾಡಿಕೊಳ್ಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ ಎಂಬುದು ನನಗೆ ಆಮೇಲೆ ತಿಳಿಯಿತು. ಖಾಲಿ ಕಾಗದಕ್ಕೆ ಸಹಿ ಮಾಡಿಕೊಟ್ಟರೆ, ನಮ್ಮ ಪರವಾಗಿ ಎಷ್ಟು ಹಣಕ್ಕೆ ರಾಜಿಯಾಯಿತು ಎಂಬುದು ಕೂಡ ನಮಗೆ ತಿಳಿಯದೆ ಹೋಗಬಹುದು.

ನಾನು ಹೋದದ್ದು ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ತಮ್ಮ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಅಲ್ಲಿ ನನಗೆ ನೇಮಿಸಿಕೊಟ್ಟ ವಕೀಲ ಮೇಡಂ ಮೊದಲ ಭೇಟಿಯಲ್ಲಿ ನೋವಿನ ಬಗ್ಗೆ ಕೇಳುವ ಮುನ್ನ, "ಮೊದಲು ಹೋದ ಆಸ್ಪತ್ರೆಯಲ್ಲಿ ಏನೆಂದು ಬರೆಸಿದ್ದೀರಿ?" ಎಂದು ಕೇಳಿದರು.

ಆ ಪ್ರಶ್ನೆಯ ಮಹತ್ವ ಕೇಸ್ ಶೀಟಿನ ಪ್ರತಿ ಕೈಗೆ ಬಂದಾಗ ಅರ್ಥವಾಯಿತು. ಗಾಬರಿಯಲ್ಲಿ ನನ್ನನ್ನು ಕರೆದೊಯ್ದವರು "ಬಿದ್ದು ಪೆಟ್ಟಾಗಿದೆ" ಎಂದಿದ್ದರು. ಮೊದಲ ಆಸ್ಪತ್ರೆಯವರು ಅದನ್ನೇ ಬರೆದುಕೊಂಡಿದ್ದರು. ಪೊಲೀಸ್ ದೂರು ಕೂಡ ಮೂರು ದಿನ ತಡವಾಗಿ ದಾಖಲಾಗಿತ್ತು. ಅಪಘಾತವೇ ನಡೆದಿಲ್ಲ, ಕಾರನ್ನು ಆಮೇಲೆ ಸೇರಿಸಲಾಗಿದೆ ಎಂದು ವಾದಿಸಲು ವಿಮಾ ಕಂಪನಿಗೆ ಇವೆರಡೇ ಸಾಕಾಗುತ್ತಿದ್ದವು. ಶಸ್ತ್ರಚಿಕಿತ್ಸೆ ನಡೆದ ಎರಡನೆಯ ಆಸ್ಪತ್ರೆಯ ದಾಖಲೆಯಲ್ಲಿ ರಸ್ತೆ ಅಪಘಾತ ಎಂದೇ ಇತ್ತು, ವೈದ್ಯರು ಠಾಣೆಗೆ ಕಳುಹಿಸಿದ ಸೂಚನೆಯೂ ಇತ್ತು ಎಂಬುದು ನಮ್ಮನ್ನು ಉಳಿಸಿತು. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಅರ್ಜಿಯನ್ನು ತಳ್ಳಿಹಾಕಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿರುವುದೂ ನೆರವಾಯಿತು. ಆದರೂ ಆಸ್ಪತ್ರೆಗೆ ಕಾಲಿಟ್ಟಾಗ ಆಡುವ ಮೊದಲ ಮಾತು, ಅಪಘಾತ ಹೇಗಾಯಿತು ಎಂಬ ಒಂದು ಸಾಲು, ಸರಿಯಾಗಿ ದಾಖಲಾಗಿದೆಯೇ ಎಂದು ಮನೆಯವರು ಅಂದೇ ನೋಡಿಕೊಂಡರೆ ತಿಂಗಳುಗಟ್ಟಲೆ ಸಂಕಟ ತಪ್ಪುತ್ತದೆ.

ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ, ಎರಡೂ ಕಾರುಗಳ ವಿಮೆಯ ವಿವರಗಳನ್ನು ಪಡೆದೆವು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿಯು ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಸಲ್ಲಿಸಬೇಕು. ಹಾಗೆಂದು ನಾವು ಸುಮ್ಮನೆ ಕಾಯಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಅರ್ಜಿ ಸಲ್ಲಿಕೆಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವನ್ನು ವಿಧಿಸಿದ್ದು, ಅದೂ 2022ರ ಏಪ್ರಿಲ್ 1ರಿಂದಲೇ ಜಾರಿಗೆ ಬಂದಿದೆ. ಬಡ್ಡಿಯನ್ನೂ ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನಿಂದ ಕೊಡುವಂತಿಲ್ಲ. ಆದ್ದರಿಂದ ಐದನೆಯ ತಿಂಗಳಲ್ಲಿ ಅದೇ ಕಾಯ್ದೆಯ 166ನೇ ಕಲಮಿನಡಿ ಪರಿಹಾರದ ಅರ್ಜಿ ಹಾಕಿದೆವು. ಅಪಘಾತ ನಡೆದ ಸ್ಥಳ ದೂರವಿದ್ದರೂ, ಅರ್ಜಿದಾರರು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಡುವುದರಿಂದ ಓಡಾಟ ತಪ್ಪಿತು.

ಇಬ್ಬರು ಚಾಲಕರೂ ತಪ್ಪು ಎದುರಿನವನದೆಂದರು, ಎರಡೂ ವಿಮಾ ಕಂಪನಿಗಳು ಅದನ್ನೇ ಹಿಡಿದುಕೊಂಡವು. ಇದರಿಂದ ನನಗೆ ದಿಗಿಲಾಗಿತ್ತು. ಪ್ರಯಾಣಿಕಳಾದ ನನ್ನದು ಯಾವ ತಪ್ಪೂ ಇಲ್ಲದಿರುವಾಗ, ಇಬ್ಬರ ನಿರ್ಲಕ್ಷ್ಯವೂ ಸೇರಿ ಗಾಯವಾಗಿದ್ದರೆ ಪೂರ್ತಿ ಪರಿಹಾರವನ್ನು ಯಾರಿಂದ ಬೇಕಾದರೂ ವಸೂಲು ಮಾಡಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಸ್ಪಷ್ಟಪಡಿಸಿದೆ ಎಂದು ಮೇಡಂ ಧೈರ್ಯ ಹೇಳಿ, ಎರಡೂ ಕಡೆಯವರನ್ನು ಪ್ರತಿವಾದಿಗಳನ್ನಾಗಿ ಮಾಡಿದರು.

ಪ್ರಕರಣದ ಜೀವಾಳವಿದ್ದುದು ಅಂಗವೈಕಲ್ಯದ ಶೇಕಡಾವಾರಿನಲ್ಲಿ. ವೈದ್ಯರು ಬಲಗೈಗೆ ಶೇ 30, ಇಡೀ ದೇಹಕ್ಕೆ ಶೇ 10 ಎಂದು ಬರೆದುಕೊಟ್ಟಿದ್ದರು. ಆ ಹತ್ತನ್ನೇ ಒಪ್ಪಿಕೊಂಡರೆ ನನ್ನ ದುಡಿಮೆಯ ಹತ್ತನೆಯ ಒಂದು ಪಾಲು ಮಾತ್ರ ನಷ್ಟವಾಯಿತೆಂದು ಲೆಕ್ಕವಾಗುತ್ತಿತ್ತು. ಆದರೆ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿರುವಂತೆ, ದೇಹದ ಊನದ ಪ್ರಮಾಣ ಬೇರೆ, ಅದರಿಂದಾಗುವ ಗಳಿಕೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ನಿಂತುಹೋಗಬಹುದು, ಅದೇ ಊನವಾದ ಸರ್ಕಾರಿ ಗುಮಾಸ್ತರ ಕೆಲಸ ಉಳಿಯಬಹುದು. ಹಾಗಾಗಿ ವೈದ್ಯರ ಸಾಕ್ಷ್ಯದಲ್ಲಿ ಶೇಕಡಾವಾರಿನ ಜೊತೆಗೆ ಹಿಡಿತದ ಬಲ ಎಷ್ಟು ಕುಗ್ಗಿದೆ, ಮಣಿಕಟ್ಟು ಎಷ್ಟು ತಿರುಗುತ್ತದೆ, ಎಷ್ಟು ಹೊತ್ತು ಕತ್ತರಿ ಆಡಿಸಿದರೆ ನೋವು ಬರುತ್ತದೆ ಎಂಬುದನ್ನೆಲ್ಲ ಹೇಳಿಸಲಾಯಿತು. ನಾನು ಅಪಘಾತದ ನಂತರ ಪ್ರತಿ ದಿನ ಯಾವ ಕೆಲಸ ಮಾಡಲಾಯಿತು, ಯಾವುದು ಆಗಲಿಲ್ಲ, ಎಷ್ಟು ಬಟ್ಟೆ ಹಿಂದಿರುಗಿಸಿದೆ ಎಂದು ಎಡಗೈಯಿಂದಲೇ ಗೀಚಿಟ್ಟಿದ್ದ ಪುಸ್ತಕ ಇಲ್ಲಿ ಉಪಯೋಗಕ್ಕೆ ಬಂತು.

ನಾನು ತೆರಿಗೆ ವಿವರ ಸಲ್ಲಿಸುವವಳಲ್ಲ. ಆದಾಯಕ್ಕೆ ಪುರಾವೆ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜಿನ ಮೊತ್ತವನ್ನು ಹಿಡಿಯುತ್ತದೆ, ಅದು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ. ಅಳತೆ ಪುಸ್ತಕಗಳು, ಬ್ಯಾಂಕ್ ಪಾಸ್‌ಬುಕ್, ಮೊಬೈಲಿನಲ್ಲಿ ಬಂದ ಪಾವತಿಗಳ ಪಟ್ಟಿ ಹಾಜರುಪಡಿಸಿ, ಕಾಯಂ ಗ್ರಾಹಕರೊಬ್ಬರಿಂದ ಸಾಕ್ಷಿ ಹೇಳಿಸಿದೆವು.

ಪಾಟೀಸವಾಲಿನ ದಿನ ವಿಮಾ ಕಂಪನಿಯ ವಕೀಲರು, "ಮೂಳೆ ಕೂಡಿದೆ, ನೀವು ಈಗಲೂ ಹೊಲಿಯುತ್ತೀರಿ, ಹೌದಲ್ಲವೇ?" ಎಂದು ಕೇಳಿದರು. ಏನೂ ಮಾಡಲಾಗುವುದಿಲ್ಲ ಎಂದುಬಿಡುವ ಆಸೆ ಒಂದು ಕ್ಷಣ ಬಂದದ್ದು ನಿಜ. ನಾನು, "ಹೊಲಿಯುತ್ತೇನೆ ಸ್ವಾಮಿ, ಗುಂಡಿ, ಅಂಚು, ತೆಳು ಬಟ್ಟೆ ಆಗುತ್ತದೆ, ಬಟ್ಟೆ ಕತ್ತರಿಸಲು ಇನ್ನೊಬ್ಬರಿಗೆ ಕೂಲಿ ಕೊಡುತ್ತಿದ್ದೇನೆ" ಎಂದೆ. ಆ ಕೂಲಿಯ ಚೀಟಿಗಳೂ ಕಡತದಲ್ಲಿದ್ದವು. ತೀರ್ಪಿನಲ್ಲಿ ಈ ಉತ್ತರವನ್ನೇ ಉಲ್ಲೇಖಿಸಿ ಗಳಿಕೆಯ ನಷ್ಟವನ್ನು ಶೇ 20 ಎಂದು ನಿರ್ಧರಿಸಲಾಯಿತು.

ಅದಕ್ಕೆ ಮೊದಲೊಮ್ಮೆ, ಎರಡೂ ಕಡೆಯವರ ಒಪ್ಪಿಗೆಯಿಂದ ಪ್ರಕರಣ ಮುಗಿಸುವ ಲೋಕ ಅದಾಲತ್ತಿನಲ್ಲಿ ರಾಜಿಯ ಮಾತು ಬಂದಿತ್ತು. ಬೇಗ ಹಣ ಕೈಸೇರುವುದು ಅಲ್ಲಿನ ದೊಡ್ಡ ಅನುಕೂಲ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಕಂಪನಿ ಮುಂದಿಟ್ಟ ಮೊತ್ತ ಶೇ 10ರ ಲೆಕ್ಕದ್ದಾಗಿದ್ದುದರಿಂದ ನಾವು ಒಪ್ಪಲಿಲ್ಲ. ಸಾಲದ ಕಂತು ತಲೆಯ ಮೇಲಿರುವವರಿಗೆ ಹೀಗೆ ಕಾಯುವುದು ಸುಲಭವಲ್ಲ. ಅಂಥವರು ರಾಜಿಯಾದರೆ ಅದನ್ನು ನಾನು ತಪ್ಪೆನ್ನಲಾರೆ.

ತೀರ್ಪಿನ ಲೆಕ್ಕ ಹೀಗಿತ್ತು. ತಿಂಗಳ ಆದಾಯ 12,000 ರೂಪಾಯಿ, 40 ವರ್ಷದೊಳಗಿನ ಸ್ವಯಂ ಉದ್ಯೋಗಿಗೆ ಮುಂದಿನ ಗಳಿಕೆಯ ಏರಿಕೆಗಾಗಿ ಸರ್ವೋಚ್ಚ ನ್ಯಾಯಾಲಯದ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಶೇ 40 ಸೇರಿಸಿ 16,800, ವರ್ಷಕ್ಕೆ 2,01,600, 36ರಿಂದ 40ರ ವಯಸ್ಸಿಗೆ ಅದೇ ನ್ಯಾಯಾಲಯದ 2009ರ ಸರಳಾ ವರ್ಮಾ ತೀರ್ಪು ನಿಗದಿಪಡಿಸಿದ ಗುಣಕ (ವಯಸ್ಸಿಗೆ ತಕ್ಕಂತೆ ವರ್ಷದ ಗಳಿಕೆಯನ್ನು ಗುಣಿಸುವ ಸಂಖ್ಯೆ) 15ರಿಂದ ಗುಣಿಸಿದರೆ 30,24,000, ಅದರ ಶೇ 20 ಎಂದರೆ 6,04,800 ರೂಪಾಯಿ. ಶೇ 10 ಎಂದಿದ್ದರೆ ಇದರ ಅರ್ಧ. ಚಿಕಿತ್ಸೆಯ ಬಿಲ್ಲುಗಳು, ಹಾಸಿಗೆ ಹಿಡಿದ ತಿಂಗಳುಗಳ ಆದಾಯ, ನೋವು ಮತ್ತು ಯಾತನೆ, ಬದುಕಿನ ಸುಖಸೌಕರ್ಯಗಳ ನಷ್ಟ ಇವು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಬಂದವು. ಬಿಲ್ಲು ಇಲ್ಲದ ಆಟೋ ಖರ್ಚು, ಫಿಸಿಯೋಥೆರಪಿಯ ಕೆಲವು ಶುಲ್ಕಗಳು ಮಾತ್ರ ಪೂರ್ತಿ ಸಿಗಲಿಲ್ಲ.

ಪ್ಲೇಟು ತೆಗೆಸುವ ಮುಂದಿನ ಶಸ್ತ್ರಚಿಕಿತ್ಸೆಯ ಅಂದಾಜುಪಟ್ಟಿಯನ್ನು ಸಾಕ್ಷ್ಯ ಮುಗಿಯುವ ಮೊದಲೇ ಕೊಡಬೇಕಿತ್ತು. ನಾನು ವೈದ್ಯರಿಂದ ಅದನ್ನು ತರುವುದು ತಡಮಾಡಿದೆ, ಆ ಕೋರಿಕೆ ತಿರಸ್ಕೃತವಾಯಿತು. ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 90 ದಿನಗಳ ಅವಕಾಶವಿದೆ. ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಕೊಟ್ಟಿದ್ದೇನೆ, ಅಂದಾಜುಪಟ್ಟಿ ಈಗ ಕೈಯಲ್ಲಿದೆ. ಈ ಒಂದು ಶೀರ್ಷಿಕೆಗಾಗಿ ಮೇಲ್ಮನವಿ ಹಾಕುವುದು ಲಾಭದಾಯಕವೇ ಎಂದು ಮೇಡಂ ಜೊತೆ ಲೆಕ್ಕ ಹಾಕುತ್ತಿದ್ದೇವೆ.