ಗರ್ಭಿಣಿಗೆ ಕುದಿಸಿದ ನೀರು ಸಾಕೇ?

‘ನೀರು ಕಾಯಿಸಿ ಆರಿಸಿ ಕುಡಿಯಮ್ಮ’ ಎಂದು ಹಿರಿಯರು ಬಸುರಿಗೆ ಹೇಳುವ ಮಾತು ಸರಿಯೇ. ಆದರೆ ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತಹ ತಾಲ್ಲೂಕುಗಳ ಕೊಳವೆಬಾವಿ ನೀರಿಗೆ ಅದು ಅರ್ಧ ಮಾತ್ರ ಸರಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ; ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್ ಲವಣಗಳು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವು ಸಾಂದ್ರವಾಗುತ್ತವೆ. ಆದ್ದರಿಂದ ಒಲೆ ಹಚ್ಚುವ ಮುನ್ನ ನೀರಿನಲ್ಲಿ ಏನಿದೆ ಎಂದು ತಿಳಿಯಬೇಕು.

ತಾಯಿ ಕಾರ್ಡ್ ಮಾಡಿಸುವ ವಾರದಲ್ಲೇ ನೀರನ್ನೂ ಪರೀಕ್ಷಿಸಿ. ಜಲ ಜೀವನ್ ಮಿಷನ್‌ನಡಿ ಹಳ್ಳಿಗೆ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆಯಿದೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಫ್ಲೋರೈಡ್ ಪರೀಕ್ಷೆಯಲ್ಲಿ ನೀರಿಗೆ ಬಿಟ್ಟ ದ್ರಾವಣದ ನಸುಗೆಂಪು ಹಳದಿಯತ್ತ ತಿರುಗಿದಷ್ಟೂ ಅಂಶ ಹೆಚ್ಚೆಂದು ಅರ್ಥ. ಕಿಟ್ ಬರೀ ಸುಳಿವು ಕೊಡುತ್ತದೆ. ಸಂದೇಹವಿದ್ದರೆ ಪ್ರಯೋಗಾಲಯಕ್ಕೆ ಕಳುಹಿಸಿ. ರೋಗಾಣು ಪರೀಕ್ಷೆಗಾದರೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು, ಮನೆಯಲ್ಲಿ ತೊಳೆದದ್ದು ನಡೆಯದು. ವರದಿಯಲ್ಲಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ (ಬೇರೆ ಮೂಲವೇ ಇಲ್ಲದಿದ್ದರೆ 1.5), ನೈಟ್ರೇಟ್ 45 ಮಿಲಿಗ್ರಾಂ ಮೀರಿರಬಾರದು.

ಫ್ಲೋರೈಡ್ ಎಂದರೆ ಹಲ್ಲಿನ ಕಂದು ಗೆರೆಯಷ್ಟೇ ಎಂದು ಬಹಳ ಮಂದಿ ಭಾವಿಸಿದ್ದಾರೆ. ಅದು ಜರಾಯುವನ್ನು ದಾಟಿ ಮಗುವಿಗೂ ತಲುಪುತ್ತದೆ. ಕರುಳಿಗೆ ಹಾನಿ ಮಾಡಿ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡಬಲ್ಲದು. ರಕ್ತಹೀನ ತಾಯಿಗೆ ಅವಧಿಗೆ ಮುನ್ನ ಹೆರಿಗೆಯಾಗುವ, 2.5 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಹೆಚ್ಚು. ಕಬ್ಬಿಣದ ಮಾತ್ರೆ ತಪ್ಪದೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ ನೀರಿನ ವರದಿಯನ್ನು ವೈದ್ಯರಿಗೆ ತೋರಿಸಿ.

ಇನ್ನು ಶುದ್ಧೀಕರಣ. ರೋಗಾಣುಗಳಿದ್ದರೆ ನೀರನ್ನು ಕೊತಕೊತ ಕುದಿಸಿ, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಫ್ಲೋರೈಡ್, ನೈಟ್ರೇಟ್ ಇದ್ದರೆ ಕ್ಯಾಂಡಲ್ ಫಿಲ್ಟರ್ ಪ್ರಯೋಜನವಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ಅಥವಾ ಮೊದಲ ಮಳೆಯನ್ನು ಹೊರಬಿಟ್ಟು ಸೋಸಿ ಹಿಡಿದ ಮಳೆನೀರು ಬೇಕು. ಕುಡಿಯಲು ಘಟಕದ ಕ್ಯಾನ್ ತಂದು, ಬೇಳೆ ಬೇಯಿಸಲು, ಅಂಬಲಿ ಕಾಸಲು ಕೊಳವೆಬಾವಿ ನೀರನ್ನೇ ಸುರಿಯುವ ಮನೆಗಳೇ ಹೆಚ್ಚು. ಆ ಫ್ಲೋರೈಡೂ ಹೊಟ್ಟೆಗೇ ಸೇರುತ್ತದೆ. ತಂದ ನೀರನ್ನು ಮುಚ್ಚಳದ ಪಾತ್ರೆಯಲ್ಲಿಟ್ಟು, ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆದುಕೊಳ್ಳಿ.

ಕೊಳಚೆ ಬೆರೆತ ನೀರಿನಿಂದ ಹರಡುವ ಹೆಪಟೈಟಿಸ್ ಇ ಕಾಮಾಲೆ ಇತರರಲ್ಲಿ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮಾತ್ರ ತಾಯಿ, ಮಗು ಇಬ್ಬರ ಜೀವಕ್ಕೂ ಎರವಾಗಬಲ್ಲದು. ನಮ್ಮಲ್ಲಿ ಹೆಣ್ಣುಮಕ್ಕಳು ಹೆರಿಗೆಗೆಂದು ತವರಿಗೆ ಹೋಗುವುದೂ ಆಗಲೇ, ಅಂದರೆ ಅಷ್ಟುಹೊತ್ತಿಗೆ ಕುಡಿಯುವ ನೀರೇ ಬದಲಾಗಿರುತ್ತದೆ. ಸೀಮಂತದ ದಿನ ಗೊತ್ತುಮಾಡುವಾಗಲೇ ತವರಿನ ನೀರನ್ನೂ ಪರೀಕ್ಷೆಗೆ ಕೊಡಿಸಿ.