ಶ್ವಾಸಕೋಶದ ಕ್ಯಾನ್ಸರ್‌ನ ಬಗೆಗಳನ್ನು ಪರೀಕ್ಷೆಗೆ ಬೇರ್ಪಡಿಸಿ ಓದುವ ಕ್ರಮ

ಎಂಬಿಬಿಎಸ್ ಅಂತಿಮ ವರ್ಷದವರೂ ಪಿಜಿ ಪ್ರವೇಶ ಪರೀಕ್ಷೆಗೆ ಓದುವವರೂ ಈ ವಿಷಯವನ್ನು ಸಾಮಾನ್ಯವಾಗಿ ನಾಲ್ಕು ಕಾಲಮ್ಮಿನ ಪಟ್ಟಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿಗೆ ಆ ಕಾಲಮ್ಮುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಗಡ್ಡೆ ಯಾವ ಜೀವಕೋಶದ ಗುಣವನ್ನು ಹೊತ್ತಿದೆ ಎಂಬುದನ್ನು ಮೊದಲು ಹಿಡಿದುಕೊಂಡರೆ, ಅದು ಇರುವ ಜಾಗ, ಸ್ಲೈಡಿನಲ್ಲಿ ಕಾಣುವ ರೂಪ, ರಕ್ತದಲ್ಲಿ ಆಗುವ ಏರುಪೇರುಗಳಲ್ಲಿ ಹೆಚ್ಚಿನವನ್ನು ತರ್ಕದಿಂದಲೇ ಹೇಳಬಹುದು.

ಪ್ರಶ್ನೆ ಓದಿದ ಕೂಡಲೇ ಕೇಳಿಕೊಳ್ಳಬೇಕಾದದ್ದು, ಇದು ಸ್ಮಾಲ್ ಸೆಲ್ ಕಾರ್ಸಿನೋಮವೇ ಅಲ್ಲವೇ ಎಂದು. ಒಟ್ಟು ಪ್ರಕರಣಗಳಲ್ಲಿ ಇದರ ಪಾಲು ಸುಮಾರು ಶೇ. 15 ಮಾತ್ರ, ಆದರೂ ಇದನ್ನು ಮೊದಲೇ ಬೇರೆ ಮಾಡಲು ಕಾರಣವಿದೆ. ಪತ್ತೆಯಾಗುವ ಹೊತ್ತಿಗೆ ಇದು ಬಹುತೇಕ ಹರಡಿಬಿಟ್ಟಿರುವುದರಿಂದ ಶಸ್ತ್ರಚಿಕಿತ್ಸೆಗೆ ಅವಕಾಶ ವಿರಳ, ಎಟೊಪೊಸೈಡ್ ಎಂಬ ಕೀಮೋಥೆರಪಿ ಔಷಧದ ಜೊತೆಗೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೊಪ್ಲಾಟಿನ್ ಚಿಕಿತ್ಸೆಯ ಬೆನ್ನೆಲುಬು.

ಸ್ಮಾಲ್ ಸೆಲ್ ನರ ಮತ್ತು ಹಾರ್ಮೋನು ಎರಡರ ಗುಣವನ್ನೂ ಹೊತ್ತ ನ್ಯೂರೋಎಂಡೋಕ್ರೈನ್ ಗಡ್ಡೆ. ಇದೊಂದು ಮಾತು ನೆನಪಿದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ದೇಹದಲ್ಲಿ ನೀರನ್ನು ಹಿಡಿದಿಡುವ ಎಡಿಎಚ್ ಹಾರ್ಮೋನನ್ನು ಸ್ರವಿಸಿದರೆ ಸೋಡಿಯಂ ಇಳಿಯುತ್ತದೆ, ಕಾರ್ಟಿಸೋಲ್ ಹೆಚ್ಚಿಸುವ ಎಸಿಟಿಎಚ್ ಸ್ರವಿಸಿದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡವೂ ಸಕ್ಕರೆಯೂ ಏರುತ್ತವೆ. ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್, ಸಿಡಿ56 ಎಂಬ ಪ್ರೋಟೀನುಗಳನ್ನು ಬಣ್ಣ ಹಾಕಿ ಗುರುತಿಸುವ ಸ್ಟೇನ್‌ಗಳು ಪಾಸಿಟಿವ್ ಆಗುವುದಕ್ಕೂ ಕಾರಣ ಅದೇ. ಈ ಗಡ್ಡೆಯ ಜೊತೆ ಬರುವ, ಸ್ನಾಯುಗಳನ್ನು ದುರ್ಬಲಗೊಳಿಸುವ ಲ್ಯಾಂಬರ್ಟ್–ಈಟನ್ ಸಿಂಡ್ರೋಮ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿರಿ, ಏಕೆಂದರೆ ಪ್ರಶ್ನೆ ಹಾಕುವವರು ಇದನ್ನು ಮತ್ತೊಂದು ಸ್ನಾಯು ದೌರ್ಬಲ್ಯದ ಕಾಯಿಲೆಯಾದ ಮಯಸ್ತೇನಿಯ ಗ್ರೇವಿಸ್ ಪಕ್ಕದಲ್ಲೇ ಇಡುತ್ತಾರೆ. ಗಡ್ಡೆಯ ವಿರುದ್ಧ ಹುಟ್ಟಿದ ಪ್ರತಿಕಾಯಗಳು ನರತುದಿಯ ಕ್ಯಾಲ್ಸಿಯಂ ಚಾನಲ್‌ಗಳಿಗೆ ಅಡ್ಡಬರುವುದರಿಂದ ಅಸಿಟೈಲ್‌ಕೋಲಿನ್ ಬಿಡುಗಡೆ ಕುಗ್ಗುತ್ತದೆ. ಸ್ನಾಯುವನ್ನು ಕೆಲವು ಕ್ಷಣ ಬಲವಾಗಿ ಬಿಗಿದಾಗ ನರತುದಿಯಲ್ಲಿ ಕ್ಯಾಲ್ಸಿಯಂ ಶೇಖರವಾಗಿ ಶಕ್ತಿ ತಾತ್ಕಾಲಿಕವಾಗಿ ಹೆಚ್ಚುತ್ತದೆ. ಮಯಸ್ತೇನಿಯದಲ್ಲಿ ಬಳಸಿದಷ್ಟೂ ಸ್ನಾಯು ಸೋಲುತ್ತದೆ. ಸ್ಲೈಡಿನಲ್ಲಿ ಸೈಟೊಪ್ಲಾಸಂ ಅತ್ಯಲ್ಪವಾಗಿ, ಒಂದು ಜೀವಕೋಶದ ನ್ಯೂಕ್ಲಿಯಸ್ ಇನ್ನೊಂದಕ್ಕೆ ಒತ್ತಿಕೊಂಡು, ಕ್ರೋಮ್ಯಾಟಿನ್ ಉಪ್ಪು–ಮೆಣಸಿನ ಪುಡಿ ಚೆಲ್ಲಿದಂತೆ ಕಂಡರೆ ಉತ್ತರ ಬಹುತೇಕ ಸಿಕ್ಕಂತೆಯೇ.

ಸ್ಮಾಲ್ ಸೆಲ್ ಅಲ್ಲವೆಂದು ತೋರಿದರೆ ಸ್ಕ್ವಾಮಸ್ ಮತ್ತು ಅಡಿನೋಕಾರ್ಸಿನೋಮಗಳ ನಡುವೆ ಆರಿಸಬೇಕು. ದೊಡ್ಡ ಶ್ವಾಸನಾಳಗಳ ಒಳಪದರವು ವರ್ಷಗಟ್ಟಲೆ ಬೀಡಿ, ಸಿಗರೇಟಿನ ಹೊಗೆ ತಾಗಿ ಚರ್ಮದಂಥ ಸ್ಕ್ವಾಮಸ್ ಪದರವಾಗಿ ಬದಲಾಗುತ್ತದೆ, ಅಲ್ಲಿಂದ ಮುಂದೆ ಜೀವಕೋಶಗಳು ಅಸಹಜವಾಗಿ ಬದಲಾಗುವ ಡಿಸ್‌ಪ್ಲೇಸಿಯ, ಕ್ಯಾನ್ಸರ್. ಆದ್ದರಿಂದ ಈ ಗಡ್ಡೆ ಹೈಲಮ್ (ಶ್ವಾಸನಾಳ, ರಕ್ತನಾಳಗಳು ಶ್ವಾಸಕೋಶವನ್ನು ಹೊಕ್ಕುವ ಜಾಗ) ಬಳಿ ಇರುವುದು ಹೆಚ್ಚು, ಚರ್ಮದಂತೆಯೇ ಕೆರಾಟಿನ್ ತಯಾರಿಸುತ್ತದೆ, ಜೀವಕೋಶಗಳ ನಡುವೆ ಸೇತುವೆಗಳು ಕಾಣುತ್ತವೆ, ಪಿ40 ಸ್ಟೇನ್ ಪಾಸಿಟಿವ್ ಬರುತ್ತದೆ. ನಡುಭಾಗ ಸತ್ತು ಕುಹರವಾಗುವುದೂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಹೋಲುವ ಪ್ರೋಟೀನ್ ಸ್ರವಿಸಿ ಕ್ಯಾಲ್ಸಿಯಂ ಏರಿಸುವುದೂ ಇದರ ಗುರುತುಗಳು.

ಅಡಿನೋಕಾರ್ಸಿನೋಮ ಎಲ್ಲಕ್ಕಿಂತ ಸಾಮಾನ್ಯವಾದ ಬಗೆ. ಧೂಮಪಾನ ಮಾಡಿರದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಕಾಣುವ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಇದೇ; ಆದರೆ ಸೇದುವವರಲ್ಲಿ ಇದು ಬರುವುದಿಲ್ಲವೆಂದು ತಪ್ಪಾಗಿ ತಿಳಿಯಬೇಡಿ. ಇದು ಶ್ವಾಸಕೋಶದ ಅಂಚಿನಲ್ಲಿ ಬೆಳೆಯುತ್ತದೆ, ಗ್ರಂಥಿಯಂಥ ರಚನೆಯನ್ನೋ ಲೋಳೆಯನ್ನೋ ತೋರಿಸುತ್ತದೆ. ಟಿಟಿಎಫ್-1 ಮತ್ತು ನ್ಯಾಪ್ಸಿನ್-ಎ ಇದರ ಸ್ಟೇನ್‌ಗಳು. ಇಲ್ಲಿ ಬಹಳ ಮಂದಿ ಜಾರುವ ಒಂದು ಜಾಗವಿದೆ: ಟಿಟಿಎಫ್-1 ಸ್ಮಾಲ್ ಸೆಲ್‌ನಲ್ಲೂ ಹೆಚ್ಚಾಗಿ ಪಾಸಿಟಿವ್ ಬರುತ್ತದೆ, ಹಾಗಾಗಿ ಅದೊಂದನ್ನೇ ನೋಡಿ ಉತ್ತರ ಬರೆಯಬಾರದು. ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1, ಕೆಆರ್‌ಎಎಸ್ ಜೀನುಗಳಲ್ಲಿನ ಬದಲಾವಣೆಗಳನ್ನು ಹುಡುಕುವುದು ಮುಖ್ಯವಾಗಿ ಈ ಬಗೆಯಲ್ಲಿ. ಪೆಮೆಟ್ರೆಕ್ಸೆಡ್ ಎಂಬ ಕೀಮೋಥೆರಪಿ ಔಷಧ ಸ್ಕ್ವಾಮಸ್‌ನಲ್ಲಿ ಫಲಕಾರಿಯಲ್ಲ, ಹೊಸ ರಕ್ತನಾಳಗಳ ಬೆಳವಣಿಗೆ ತಡೆಯುವ ಬೆವಾಸಿಜುಮ್ಯಾಬ್ ಕೊಟ್ಟರೆ ಸ್ಕ್ವಾಮಸ್ ರೋಗಿಗೆ ಶ್ವಾಸಕೋಶದಲ್ಲಿ ಪ್ರಾಣಾಂತಕ ರಕ್ತಸ್ರಾವವಾಗಬಹುದು. ಸ್ಕ್ವಾಮಸ್, ಅಡಿನೋಕಾರ್ಸಿನೋಮ ಎರಡನ್ನೂ ಬೇರ್ಪಡಿಸುವುದು ಅಂಕಕ್ಕಾಗಿ ಮಾತ್ರವಲ್ಲ ಎಂಬುದು ವಾರ್ಡಿನಲ್ಲಿ ನಿಂತಾಗ ಅರ್ಥವಾಗುತ್ತದೆ. ಅಡಿನೋಕಾರ್ಸಿನೋಮದ ಒಂದು ಉಪಬಗೆಗೆ ಹಳೆಯ ನೋಟ್ಸಿನಲ್ಲಿರುವ ಬ್ರಾಂಕಿಯೋಲೋ-ಆಲ್ವಿಯೋಲಾರ್ ಕಾರ್ಸಿನೋಮ ಎಂಬ ಹೆಸರನ್ನು 2011ರ ವರ್ಗೀಕರಣದಲ್ಲೇ ಕೈಬಿಡಲಾಗಿದೆ.

ಲಾರ್ಜ್ ಸೆಲ್ ಎಂಬುದು ಗ್ರಂಥಿ, ಸ್ಕ್ವಾಮಸ್, ನ್ಯೂರೋಎಂಡೋಕ್ರೈನ್ ಲಕ್ಷಣಗಳಲ್ಲಿ ಯಾವುದೂ ಸಿಗದಾಗ ಉಳಿಯುವ ಹೆಸರು. ಕತ್ತರಿಸಿ ತೆಗೆದ ಪೂರ್ಣ ಗಡ್ಡೆಯನ್ನು ನೋಡದೆ ಸಣ್ಣ ಬಯಾಪ್ಸಿಯಲ್ಲಿ ಅದನ್ನು ಹೇಳುವಂತಿಲ್ಲ. ಕಾರ್ಸಿನಾಯ್ಡ್ ಕೂಡ ನ್ಯೂರೋಎಂಡೋಕ್ರೈನ್ ಗಡ್ಡೆಯೇ, ಆದರೆ ಧೂಮಪಾನದ ನಂಟು ದುರ್ಬಲ, ವಯಸ್ಸು ಕಡಿಮೆ, ಬೆಳವಣಿಗೆ ನಿಧಾನ. 2 ಚದರ ಮಿಲಿಮೀಟರಿನಲ್ಲಿ ಮೈಟೋಸಿಸ್ (ಕೋಶವಿಭಜನೆ) 2ಕ್ಕಿಂತ ಕಡಿಮೆಯಿದ್ದು ನೆಕ್ರೋಸಿಸ್ (ಅಂಗಾಂಶ ಸತ್ತ ಭಾಗ) ಇಲ್ಲದಿದ್ದರೆ ಟಿಪಿಕಲ್, 2ರಿಂದ 10 ಇದ್ದರೆ ಅಥವಾ ನೆಕ್ರೋಸಿಸ್ ಕಂಡರೆ ಎಟಿಪಿಕಲ್.

ಈ ಕ್ರಮವನ್ನು ಒಂದು ಪ್ರಶ್ನೆಯ ಮೇಲೆ ಹಚ್ಚಿ ನೋಡೋಣ. 62 ವರ್ಷದ, ಮೂವತ್ತು ವರ್ಷ ಬೀಡಿ ಸೇದಿದ ರೈತರೊಬ್ಬರಿಗೆ ಕಫದಲ್ಲಿ ರಕ್ತ, ಮಲಬದ್ಧತೆ, ಅತಿಯಾದ ಬಾಯಾರಿಕೆ; ಎಕ್ಸ್‌ರೇಯಲ್ಲಿ ಹೈಲಮ್ ಬಳಿ ದಪ್ಪ ಗೋಡೆಯ ಕುಹರವಿದೆ; ಕ್ಯಾಲ್ಸಿಯಂ 13 ಮಿ.ಗ್ರಾಂ/ಡೆ.ಲೀ., ಪಿಟಿಎಚ್ ಇಳಿದಿದೆ, ಮೂಳೆಯ ಸ್ಕ್ಯಾನಿನಲ್ಲಿ ಏನೂ ಇಲ್ಲ. ನಮ್ಮಲ್ಲಿ ಕುಹರ ಎಂದೊಡನೆ ಕ್ಷಯ ನೆನಪಾಗುವುದು ಸಹಜ, ಕಫದ ಪರೀಕ್ಷೆಯನ್ನು ಬಿಡುವಂತೆಯೂ ಇಲ್ಲ. ಆದರೆ ಇಲ್ಲಿ ಕಫದ ಸಿಬಿನ್ಯಾಟ್ (ಕ್ಷಯದ ರೋಗಾಣುವನ್ನು ಹುಡುಕುವ ಪರೀಕ್ಷೆ) ನೆಗೆಟಿವ್ ಎಂದು ಕೊಟ್ಟಿದ್ದಾರೆ. ಸ್ಮಾಲ್ ಸೆಲ್ ಆಗಿದ್ದರೆ ಕುಹರ ತೀರಾ ಅಪರೂಪ, ಇಳಿಯಬೇಕಾದದ್ದು ಸೋಡಿಯಂ. ಮೂಳೆಗೆ ಹರಡದೆಯೇ ಕ್ಯಾಲ್ಸಿಯಂ ಏರಿ, ದೇಹದ ಸ್ವಂತ ಪಿಟಿಎಚ್ ತಗ್ಗಿದೆ ಎಂದರೆ ಅದನ್ನು ಹೋಲುವ ಪ್ರೋಟೀನನ್ನು ಗಡ್ಡೆಯೇ ಸ್ರವಿಸುತ್ತಿದೆ. ಉತ್ತರ ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಬಯಾಪ್ಸಿಯಲ್ಲಿ ನಿರೀಕ್ಷಿಸಬೇಕಾದದ್ದು ಕೆರಾಟಿನ್ ಮುತ್ತುಗಳು ಮತ್ತು ಪಾಸಿಟಿವ್ ಪಿ40.