ಹೆದರದ ಮೊಲ ಬಿಡಿಸೋದು ಹೇಗೆ

ಮೊಲ ಬಿಡಿಸಿ ಅಂದರೆ ಯಾರು ಬೇಕಾದರೂ ಬಿಡಿಸುತ್ತಾರೆ. ಎರಡು ಉದ್ದ ಕಿವಿ, ಎರಡು ಹಲ್ಲು, ಹಿಂದೊಂದು ಹತ್ತಿ ಉಂಡೆ. ನಗಿಸೋ ಮೊಲ ಮಾಡಿ ಅಂದಾಗಲೇ ತಲೆನೋವು ಶುರುವಾಗೋದು.

ನನಗೆ ಆ ತಲೆನೋವು ಬಂದದ್ದು ಮಕ್ಕಳ ಹಾಡಿನ ಒಂದು ವಿಡಿಯೋ ಕೆಲಸ ಸಿಕ್ಕಾಗ. ನಾಲ್ಕು ದಿನ ಕೂತು ಒಂದು ಮೊಲ ಮಾಡಿದೆ. ಬೂದು ಬಣ್ಣ, ಬಿಳಿ ಗ್ಲೌಸು, ಕೈಯಲ್ಲಿ ಕ್ಯಾರೆಟ್. ಕೆಲಸ ಕೊಟ್ಟವರು ಫೋನಿನಲ್ಲಿ ಎರಡು ಸೆಕೆಂಡ್ ನೋಡಿ, "ಇದು ಬಗ್ಸ್ ಬನ್ನಿ ಅಲ್ವಾ?" ಅಂದರು. ಅವರು ಹೇಳಿದ್ದು ಸರಿಯೇ ಇತ್ತು, ನಾನು ಬಿಡಿಸಿದ್ದು ಅಮೆರಿಕದ ಆ ಪ್ರಸಿದ್ಧ ಕಾರ್ಟೂನ್ ಮೊಲವನ್ನೇ. ನಾಲ್ಕು ದಿನದ ಕೆಲಸ ನೀರಿಗೆ ಹೋಯಿತು.

ಆಮೇಲೆ ಬಗ್ಸ್ ಬನ್ನಿಯನ್ನು ಬೇರೆ ಥರ ನೋಡೋಕೆ ಶುರುಮಾಡಿದೆ. ಹೇಗಿದ್ದಾನೆ ಅಂತಲ್ಲ, ಯಾಕೆ ನಗು ಬರುತ್ತೆ ಅಂತ. ಅವನನ್ನು ಹುಟ್ಟಿಸಿದ ವಾರ್ನರ್ ಸ್ಟುಡಿಯೋದವರಿಗೂ ಅವನು ಒಂದೇ ಸಲಕ್ಕೆ ಸಿಕ್ಕಿರಲಿಲ್ಲ. 1938ರಲ್ಲಿ ಬಂದ ಮೊದಲ ಮೊಲ ಬೆಳ್ಳಗಿತ್ತು, ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು, ಸುಮ್ನೆ ಸುಮ್ನೆ ಕಿಲಕಿಲ ಅನ್ನುತ್ತಿತ್ತು. ಅದರ ನಿರ್ದೇಶಕ ಬೆನ್ ಹಾರ್ಡವೇಯ ಅಡ್ಡಹೆಸರು ಬಗ್ಸ್. ಮರುವರ್ಷ ಚಿತ್ರಕಾರ ಚಾರ್ಲಿ ಥಾರ್ಸನ್ ಆ ಮೊಲವನ್ನು ತಿದ್ದಿ ಬರೆದ ಹಾಳೆಯ ಮೇಲೆ 'ಬಗ್ಸ್‌ನ ಬನ್ನಿ' (ಇಂಗ್ಲಿಷಿನಲ್ಲಿ ಬನ್ನಿ ಅಂದರೆ ಮೊಲ) ಅನ್ನೋ ಅರ್ಥದಲ್ಲಿ ಬರೆದಿತ್ತು, ಅದೇ ಹೆಸರಾಗಿ ಉಳಿಯಿತು. 1940ರಲ್ಲಿ ಟೆಕ್ಸ್ ಏವರಿ ನಿರ್ದೇಶಿಸಿದ 'ಎ ವೈಲ್ಡ್ ಹೇರ್' ಬಂತು, ಮೊಲದ ಹೊಸ ರೂಪ ಬಾಬ್ ಗಿವನ್ಸ್ ಅವರದು. ಅದರಲ್ಲಿ ಬಂದೂಕು ಹಿಡಿದು ಬಂದ ಬೇಟೆಗಾರನ ಪಕ್ಕಕ್ಕೇ ಬಗ್ಸ್ ಬಂದು, ಕ್ಯಾರೆಟ್ ಕಡಿಯುತ್ತಾ, "ವಾಟ್ಸ್ ಅಪ್ ಡಾಕ್" ಅಂತಾನೆ. ಇಲ್ಲಿ ಡಾಕ್ ಅಂದರೆ ಡಾಕ್ಟರಲ್ಲ. ಏವರಿ ಓದಿದ ಟೆಕ್ಸಸ್ ಶಾಲೆಯಲ್ಲಿ ಹುಡುಗರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಿದ್ದರಂತೆ. ನಮ್ಮ ಬೆಂಗಳೂರಲ್ಲಿ "ಏನ್ ಗುರು, ಏನ್ ಸಮಾಚಾರ" ಅಂದ ಹಾಗೆ.

ಪ್ರಾಣಿಗಳಲ್ಲೆಲ್ಲ ಪುಕ್ಕಲು ಅನ್ನಿಸಿಕೊಂಡದ್ದು ಮೊಲ. ಅದು ಬಂದೂಕಿನ ಮುಂದೆ ನಿಂತು ಕ್ಷೇಮ ಸಮಾಚಾರ ವಿಚಾರಿಸುತ್ತೆ. ನಗು ಇರೋದು ಅಲ್ಲಿ, ಹಲ್ಲಲ್ಲಿ ಅಲ್ಲ.

ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಒಂದು ಸಾಲು ಬರೆಯಿರಿ: ಅಪಾಯ ಎದುರಿಗೆ ಬಂದಾಗ ನಿಮ್ಮ ಮೊಲ ಏನು ಮಾಡುತ್ತೆ? "ತುಂಟ, ಜಾಣ, ಚುರುಕು" ಅಂತೆಲ್ಲ ಬರೆದರೆ ಪ್ರಯೋಜನವಿಲ್ಲ. ಬಿಡಿಸೋಕೆ ಆಗುವಂಥ ಒಂದು ಕೆಲಸ ಬರೆಯಿರಿ. ನನಗೆ ಆ ಸಾಲು ಸಿಕ್ಕಿದ್ದು ದೊಡ್ಡಪ್ಪನಿಂದ. ಒಂದು ಸಲ ಊರಿನ ಮನೆಯ ಬಚ್ಚಲಲ್ಲಿ ಹಾವು ಬಂತು. ಎಲ್ಲರೂ ಕಿರುಚಿಕೊಂಡು ಅಂಗಳಕ್ಕೆ ಓಡಿದೆವು. ದೊಡ್ಡಪ್ಪ ಮಾತ್ರ ಲೋಟದಲ್ಲಿದ್ದ ಕಾಫಿ ಪೂರ್ತಿ ಕುಡಿದು, ಲೋಟ ಬೋರಲು ಹಾಕಿ, ಪಂಚೆ ಮೇಲೆ ಕಟ್ಟಿ, "ಎಲ್ಲಿದೆ?" ಅಂದರು. ನನ್ನ ಸಾಲು ಹೀಗಾಯಿತು: 'ಬಾಯಲ್ಲಿರೋದು ಮುಗಿಯೋವರೆಗೂ ಯಾವ ಅಪಾಯಕ್ಕೂ ಉತ್ತರ ಕೊಡಲ್ಲ.' ಮೊಲದ ಹೆಸರು ಪುಟ್ಸಾಮಿ.

ಇನ್ನೊಂದು ಸಾಲೂ ಬೇಕು: ಜಗಳ ಶುರುಮಾಡೋದು ಯಾರು? ಬಗ್ಸ್ ಬನ್ನಿಯ ಎಷ್ಟೋ ಚಿತ್ರ ಮಾಡಿದ ಚಕ್ ಜೋನ್ಸ್ ಇದನ್ನು ನಿಯಮ ಅಂತಲೇ ಇಟ್ಟುಕೊಂಡಿದ್ದರು. ಮೊದಲು ಯಾರಾದರೂ ಅವನನ್ನು ಕೆಣಕಬೇಕು, ಆಮೇಲೆ ಅವನ ಸರದಿ. ನಾನು ಇದನ್ನು ಮರೆತು ಮಲಗಿದ್ದ ನರಿಯ ಬಾಲವನ್ನು ಪುಟ್ಸಾಮಿ ಕೈಲಿ ಎಳೆಸಿದೆ. ಅಕ್ಕನ ಮಗಳು, ಆರು ವರ್ಷದವಳು, ನೋಡಿ ನಗಲೇ ಇಲ್ಲ. "ಪಾಪ ನರಿ" ಅಂದಳು. ಆ ಶಾಟಿಗೆ ಮುಂಚೆ ನರಿ ಪುಟ್ಸಾಮಿಯ ಕಡ್ಲೆಪುರಿ ಪೊಟ್ಟಣ ಕಿತ್ತುಕೊಂಡು ಹೋಗುವ ಎರಡು ಸೆಕೆಂಡ್ ಸೇರಿಸಿದೆ. ಅದೇ ಬಾಲ, ಅದೇ ಎಳೆತ, ಈ ಸಲ ಬಿದ್ದು ಬಿದ್ದು ನಕ್ಕಳು.

ಈಗ ಮೈ. ನಿಜವಾದ ಮೊಲವನ್ನು ಒಂದು ಗಂಟೆಯಾದರೂ ನೋಡಿ. ನಮ್ಮ ಹೊಲಗಳಲ್ಲಿ ಓಡುವ ಕಾಡುಮೊಲಕ್ಕೆ ಕತ್ತಿನ ಹಿಂದೆ ಕಪ್ಪು ಮಚ್ಚೆ ಇರುತ್ತೆ, ಬಣ್ಣ ಒಣಹುಲ್ಲಿನದು. ಅದು ಬಿಲ ತೋಡಲ್ಲ, ಹುಲ್ಲಿನ ನಡುವೆ ಸಣ್ಣ ತಗ್ಗಿನಲ್ಲಿ ಮಲಗುತ್ತೆ. ಇದು ಗೊತ್ತಾದ ದಿನ ನನ್ನ ಅರ್ಧ ಡಿಸೈನ್ ಮುಗಿಯಿತು. ಬೂದು ಬಣ್ಣ ಹೋಗಿ ಕಂದು ಬಂತು. ಕತ್ತಿನ ಮಚ್ಚೆಯಿಂದ ಪುಟ್ಸಾಮಿ ಬೆನ್ನು ತಿರುಗಿಸಿ ಕೂತರೂ ಗುರುತು ಸಿಗುತ್ತಾನೆ. ಓಡಿಹೋಗಿ ಬಚ್ಚಿಟ್ಟುಕೊಳ್ಳೋಕೆ ಬಿಲವೇ ಇಲ್ಲವಲ್ಲ, ನಿಂತು ಮಾತಾಡದೆ ಬೇರೆ ದಾರಿಯೂ ಇಲ್ಲ.

ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿರುತ್ತೆ. ಸುತ್ತಲೂ ಕಾಣುತ್ತೆ, ಮೂಗಿನ ಮುಂದೆ ಇರೋದು ಮಾತ್ರ ಕಾಣಲ್ಲ. ಕಾರ್ಟೂನಿನಲ್ಲಿ ಕಣ್ಣನ್ನು ಮುಂದಕ್ಕೆ ತರಲೇಬೇಕು, ಇಲ್ಲದಿದ್ದರೆ ನೋಡುವವರಿಗೆ ಭಾವ ಸಿಗಲ್ಲ. ಆದರೆ ಆ ಕುರುಡು ಜಾಗವನ್ನು ನಾನು ಉಳಿಸಿಕೊಂಡೆ. ಮೂಗಿನ ತುದಿಯಲ್ಲೇ ಅಂಟಿಕೊಂಡ ಪುರಿಯನ್ನು ಪುಟ್ಸಾಮಿ ಊರೆಲ್ಲ ಹುಡುಕುತ್ತಾನೆ.

ಶಾಂತವಾಗಿರುವ ಕಣ್ಣಿಗೆ ಒಂದು ಸುಲಭ ಉಪಾಯ ಇದೆ. ಮೇಲಿನ ರೆಪ್ಪೆ ಕಣ್ಣಿನ ಕಪ್ಪು ಗುಡ್ಡೆಯ ಮೇಲ್ಭಾಗವನ್ನು ಸ್ವಲ್ಪ ಮುಚ್ಚಲಿ. ಗುಡ್ಡೆ ಪೂರ್ತಿ ಕಂಡು ಸುತ್ತ ಬಿಳಿ ಕಂಡರೆ ಅದು ಭಯ. ವ್ಯತ್ಯಾಸ ಒಂದು ಗೆರೆಯದು ಅಷ್ಟೇ. 1943ರಲ್ಲಿ ರಾಬರ್ಟ್ ಮೆಕಿಮ್ಸನ್ ಬಗ್ಸ್‌ನ ಮುಖ ತಿದ್ದಿದಾಗಲೂ ಬದಲಾಗಿದ್ದು ಇಂಥವೇ: ಕಣ್ಣು ಸ್ವಲ್ಪ ಓರೆಯಾಯಿತು, ಹಲ್ಲು ಉದ್ದವಾಯಿತು, ಬಾಯಿ ದೊಡ್ಡದಾಯಿತು.

ಮೊಲದ ಎತ್ತರ ಅದರ ತಲೆಯ ಮೂರರಷ್ಟು, ಕಿವಿ ಬಿಟ್ಟು. ಕಿವಿ ಒಂದು ತಲೆಯಷ್ಟು. ನಿಂತಾಗ ಭಾರ ಒಂದೇ ಕಾಲಿನ ಮೇಲೆ ಹಾಕಿ, ಸೊಂಟ ಸ್ವಲ್ಪ ಓರೆ ಮಾಡಿ. ಎರಡೂ ಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ಎನ್‌ಸಿಸಿ ಹುಡುಗನ ಥರ ಕಾಣುತ್ತೆ. ಕೈಗೆ ನಾಲ್ಕು ಬೆರಳು ಸಾಕು. ಆಮೇಲೆ ಪೂರ್ತಿ ಚಿತ್ರಕ್ಕೆ ಕಪ್ಪು ತುಂಬಿಸಿ ನೋಡಿ. ಬರೀ ನೆರಳಲ್ಲೇ ಅವನು ಏನು ಮಾಡುತ್ತಿದ್ದಾನೆ ಅಂತ ತಿಳಿಯಬೇಕು. ಪುಟ್ಸಾಮಿಯ ಪೊಟ್ಟಣ ನನ್ನ ಮೊದಲ ಪೋಸಿನಲ್ಲಿ ಹೊಟ್ಟೆಯ ಮುಂದೆ ಇತ್ತು, ಕಪ್ಪು ತುಂಬಿಸಿದರೆ ಮಾಯ. ಕೈಯನ್ನು ಪಕ್ಕಕ್ಕೆ ಚಾಚಿದ ಮೇಲೆ ಸರಿಹೋಯಿತು.

ಕಿವಿಗೆ ಮಾತ್ರ ಟೈಮ್ ಕೊಡಿ. ಮೊಲ ಸಿಕ್ಕಿದ್ದೇ ನಮ್ಮಂಥವರ ಪುಣ್ಯ, ಬೇರೆ ಯಾವ ಪ್ರಾಣಿಗೂ ತಲೆಯ ಮೇಲೆ ಇನ್ನೆರಡು ಕೈ ಇರಲ್ಲ. ಕಿವಿಯನ್ನು ಬುಡ, ನಡು, ತುದಿ ಅಂತ ಮೂರು ಭಾಗ ಮಾಡಿಕೊಳ್ಳಿ. ಕಾರ್ಟೂನ್ ಅಲ್ಲಾಡೋದು ಒಂದರ ಹಿಂದೊಂದು ಬರುವ ಚಿತ್ರಗಳಿಂದ. ತಲೆ ತಿರುಗಿದರೆ ಬುಡ ತಲೆಯ ಜೊತೆಗೇ ಹೋಗುತ್ತೆ. ನಡು ಒಂದು ಚಿತ್ರ ತಡವಾಗಿ, ತುದಿ ಎರಡು ಚಿತ್ರ ತಡವಾಗಿ ಹೊರಡುತ್ತೆ. ತಲೆ ನಿಂತ ಮೇಲೂ ತುದಿ ಮುಂದಕ್ಕೆ ಹೋಗಿ, ವಾಪಸ್ ಬಂದು, ಆಮೇಲೆ ನಿಲ್ಲಬೇಕು. ಮೊದಮೊದಲು ಇದನ್ನು ಅತಿ ಮಾಡಿ ಕಿವಿ ಒದ್ದೆ ಟವೆಲ್ ಆಗಿಬಿಡುತ್ತೆ. ನಂದೂ ಆಗಿತ್ತು. ಬುಡದ ಕಾಲು ಭಾಗವನ್ನು ಬಗ್ಗಿಸದೆ ಗಟ್ಟಿ ಇಟ್ಟರೆ ಒಳಗೆ ಮೂಳೆ ಇದ್ದ ಹಾಗೆ ಕಾಣುತ್ತೆ. (ಮೂಳೆಯಲ್ಲ, ಮೃದ್ವಸ್ಥಿ. ಜೀವಶಾಸ್ತ್ರದ ಮೇಷ್ಟ್ರು ಯಾರಾದರೂ ಓದುತ್ತಿದ್ದರೆ ಕ್ಷಮಿಸಿ.)

ಇನ್ನು ನಾನು ಯಾರಿಗೂ ಹೇಳಿಕೊಡದೆ ಇಟ್ಟುಕೊಂಡಿದ್ದ ಗುಟ್ಟು. ಮುಖ ಒಂದು ಹೇಳಲಿ, ಕಿವಿ ಇನ್ನೊಂದು ಹೇಳಲಿ. ನರಿ ಎದುರಿಗಿದೆ, ಪುಟ್ಸಾಮಿ ಅರ್ಧ ಕಣ್ಣು ಮುಚ್ಚಿ ಅಗಿಯುತ್ತಿದ್ದಾನೆ, ಆದರೆ ಎಡಗಿವಿಯ ತುದಿ ಮಾತ್ರ ನಡುಗುತ್ತಿದೆ. ಅವನಿಗೂ ಹೆದರಿಕೆ ಇದೆ, ತೋರಿಸುತ್ತಿಲ್ಲ ಅಂತ ಮಗುವಿಗೂ ತಿಳಿಯುತ್ತೆ. ಹೆದರಿಕೆಯೇ ಇಲ್ಲದವನ ಮೇಲೆ ನಮಗೆ ಪ್ರೀತಿ ಬರಲ್ಲ.

ಕ್ಯಾರೆಟ್ ಬಗ್ಗೆ ಒಂದು ಮಾತು. ಮೊಲದ ನಿಜವಾದ ಊಟ ಹುಲ್ಲು. ಬಗ್ಸ್ ಕ್ಯಾರೆಟ್ ಕಡಿಯೋ ಶೈಲಿ ಬಂದದ್ದು 1934ರ ಒಂದು ಸಿನಿಮಾದಲ್ಲಿ ಕ್ಲಾರ್ಕ್ ಗೇಬಲ್ ಬೇಲಿಗೆ ಒರಗಿ ಕ್ಯಾರೆಟ್ ತಿನ್ನುತ್ತಾ ಮಾತಾಡಿದ್ದರಿಂದ ಅಂತಾರೆ. ಕ್ಯಾರೆಟ್ಟಿನ ನಿಜವಾದ ಕೆಲಸ ಬೇರೆ. ಅಗಿಯುವಷ್ಟು ಹೊತ್ತು ಎದುರಿನವನು ಕಾಯಬೇಕು. ಆ ಕಾಯಿಸೋದರಲ್ಲೇ ಅರ್ಧ ನಗು ಇದೆ. ಪುಟ್ಸಾಮಿಗೆ ನಾನು ಕಡ್ಲೆಪುರಿ ಪೊಟ್ಟಣ ಕೊಟ್ಟೆ. ಮುಷ್ಟಿ ತುಂಬ ತಿನ್ನಲ್ಲ, ಒಂದೊಂದೇ ಪುರಿ.

ಬಗ್ಸ್‌ಗೆ ದನಿ ಕೊಟ್ಟ ಮೆಲ್ ಬ್ಲಾಂಕ್ ರೆಕಾರ್ಡಿಂಗಿನಲ್ಲಿ ನಿಜವಾದ ಕ್ಯಾರೆಟ್ಟನ್ನೇ ಅಗಿದು, ನುಂಗದೆ ಉಗಿದು, ಡೈಲಾಗ್ ಹೇಳುತ್ತಿದ್ದರು. ನಾನೂ ಕಂಬಳಿ ಹೊದ್ದು ಮೈಕಿನ ಮುಂದೆ ಪುರಿ ತಿಂದೆ. ಮಳೆಗಾಲ, ಪುರಿ ಮೆತ್ತಗಾಗಿತ್ತು, ಸದ್ದೇ ಇಲ್ಲ. ಬಾಣಲೆಯಲ್ಲಿ ಎರಡು ನಿಮಿಷ ಹುರಿದು ತಂದ ಮೇಲೆ ಕರುಂ ಅಂತ ಬಂತು.

ಬಾಯಿಯ ವಿಷಯಕ್ಕೆ ಬಂದರೆ, ಮೇಲಿನ ಹಲ್ಲು ತಲೆಬುರುಡೆಗೆ ಅಂಟಿರುತ್ತೆ. ಮಾತಾಡುವಾಗ ಕೆಳದವಡೆ ಮಾತ್ರ ಇಳಿಯಲಿ, ಹಲ್ಲು ಅಲ್ಲಾಡಬಾರದು. ಪುಟ್ಸಾಮಿಯ ಡೈಲಾಗ್ "ಏನ್ ಸ್ವಾಮಿ, ಈ ಕಡೆ?" ಇದರಲ್ಲಿ 'ಮಿ' ಬಂದಾಗ ತುಟಿ ಮುಚ್ಚಲೇಬೇಕು, ಆದರೆ ಉಬ್ಬುಹಲ್ಲು ಅಡ್ಡ. ಹಲ್ಲನ್ನು ಕೆಳತುಟಿಯ ಮೇಲೆ ಕೂರಿಸಿ, ಎರಡೂ ಬದಿಯ ತುಟಿ ಮುಚ್ಚಿ. ಪ, ಬ, ಮ ಬರುವ ಕಡೆ ಮುಚ್ಚಿದ ಬಾಯಿಯನ್ನು ಎರಡು ಫ್ರೇಮಾದರೂ (ಒಂದು ಫ್ರೇಮ್ ಅಂದರೆ ಸೆಕೆಂಡಿನ 24ನೇ ಒಂದು ಭಾಗ) ಇಡಿ, ಒಂದೇ ಇಟ್ಟರೆ ಕಣ್ಣಿಗೆ ಸಿಗಲ್ಲ. ಕನ್ನಡದಲ್ಲಿ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತೆ. 'ಕಡೆ' ಅಂದ ಮೇಲೆ ಬಾಯನ್ನು ಟಪ್ಪನೆ ಮುಚ್ಚಬೇಡಿ, ನಾಲ್ಕು ಫ್ರೇಮ್ ತಗೊಂಡು ನಿಧಾನವಾಗಿ ಮುಚ್ಚಿ.

ಇಷ್ಟು ರೆಡಿಯಾದ ಮೇಲೆ ಹಾಡು, ಕಥೆ ಅಂತ ಹಾರಬೇಡಿ. ಐದು ಸೆಕೆಂಡಿನ ಒಂದೇ ಶಾಟ್ ಮಾಡಿ. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರ ಎರಡು ಫ್ರೇಮಿಗೆ, ಅಂದರೆ ಒಟ್ಟು 60 ಚಿತ್ರ. ಮೊದಲ ಸೆಕೆಂಡಿನಲ್ಲಿ ನರಿಯ ನೆರಳು ಮೊಲದ ಮೇಲೆ ಬೀಳಲಿ. ಮುಂದಿನ ಎರಡೂವರೆ ಸೆಕೆಂಡ್ ಮೈ ಅಲ್ಲಾಡಬಾರದು, ದವಡೆ ಮತ್ತು ಕಿವಿ ತುದಿ ಮಾತ್ರ. ಕೈ ತುರಿಸುತ್ತೆ, ಏನಾದರೂ ಸೇರಿಸೋಣ ಅನ್ನಿಸುತ್ತೆ. ಸೇರಿಸಬೇಡಿ. ಆಮೇಲೆ ನುಂಗಲಿ. ಕೊನೆಯ ಒಂದೂವರೆ ಸೆಕೆಂಡಿನಲ್ಲಿ ತಲೆ ಎತ್ತಿ ಡೈಲಾಗ್ ಹೇಳಿ, ಪೊಟ್ಟಣವನ್ನು ನೆರಳಿನ ಕಡೆ ಚಾಚಲಿ. ನರಿ ಪುರಿ ತಗೊಂಡಿತೋ ಇಲ್ಲವೋ ತೋರಿಸಬೇಡಿ, ಅಲ್ಲೇ ಕಟ್ ಮಾಡಿ.